ಸೊನ್ನೆಗೆರೆ ಎಲ್ಲಿ ಬೀಳಬೇಕು? ಬೆಳಗಾವಿಯ ಪ್ರಯೋಗಾಲಯವೊಂದರ ಅಟೊಸೆಕೆಂಡ್ ಪ್ರಕರಣ

ಬೆಳಗಾವಿಯಲ್ಲಿ, ಉದ್ಯಮಬಾಗದ ಫೌಂಡ್ರಿಗಳಿಗೆ ಹತ್ತಿರದ ಕಾಲೇಜೊಂದರ ಭೌತಶಾಸ್ತ್ರ ಪ್ರಯೋಗಾಲಯ. ಕನ್ನಡಿಯೊಂದರ ಅತಿ ಸಣ್ಣ ಅಲುಗಾಟವನ್ನು, ಅದಕ್ಕೆ ಬಡಿದು ಬರುವ ಬೆಳಕಿನ ಪಲ್ಸ್ ಎಷ್ಟು ತಡವಾಯಿತು ಎಂಬುದರಿಂದ ಅಳೆಯುವುದು ಇಲ್ಲಿಯ ಕೆಲಸ. ಕನ್ನಡಿ 1 ನ್ಯಾನೊಮೀಟರ್ ಹಿಂದೆ ಸರಿದರೆ ಬೆಳಕಿನ ದಾರಿ ಹೋಗಿ ಬರುವಾಗ 2 ನ್ಯಾನೊಮೀಟರ್ ಉದ್ದವಾಗುತ್ತದೆ, ಪಲ್ಸ್ 6.7 ಅಟೊಸೆಕೆಂಡ್ ತಡವಾಗಿ ತಲುಪುತ್ತದೆ. ಒಂದು ಸೆಕೆಂಡನ್ನು ನೂರು ಕೋಟಿ ಚೂರು ಮಾಡಿ, ಅದರಲ್ಲಿ ಒಂದು ಚೂರನ್ನು ಮತ್ತೆ ನೂರು ಕೋಟಿ ಚೂರು ಮಾಡಿದರೆ ಸಿಗುವುದು 1 ಅಟೊಸೆಕೆಂಡ್.

ಏರ್ಪಾಡು ಜೋಡಿಸಿ ಮುಗಿದ ಮೇಲೆ ಮಾಡಿದ ಮೊದಲ ತಪಾಸಣೆಯಲ್ಲಿ, ಅಳೆಯುವ ಕಿರಣದ ಆಕಾರ ಬದಲಿಸಿದಾಗ ಸಿಗ್ನಲ್ 40.2 ಡೆಸಿಬೆಲ್, ಅಂದರೆ 102.6 ಪಟ್ಟು, ಇಳಿಯಬೇಕಿತ್ತು. ಇಳಿದದ್ದು 25 ಡೆಸಿಬೆಲ್ ಮಾತ್ರ. ಅಂದರೆ ಬರಬೇಕಾದದ್ದಕ್ಕಿಂತ ಐದು ಪಟ್ಟಿಗೂ ಹೆಚ್ಚು ದೊಡ್ಡ ಸಿಗ್ನಲ್. ಸಿಗ್ನಲ್ ದೊಡ್ಡದಾಗಿ ಬಂದರೆ ಒಳ್ಳೆಯದೇ ಅಲ್ಲವೇ ಎಂದು ಯಾರಿಗಾದರೂ ಅನಿಸುತ್ತದೆ. ಈ ಪ್ರಕರಣದ ತಿರುಳು ಇರುವುದೇ ಅಲ್ಲಿ.

ಎಣಿಕೆ ಏನಿತ್ತು

ಲೇಸರ್ ಎರ್ಬಿಯಂ ಫೈಬರಿನದು. ನಡು ತರಂಗಾಂತರ 1560 ನ್ಯಾನೊಮೀಟರ್, ಸೆಕೆಂಡಿಗೆ 10 ಕೋಟಿ ಪಲ್ಸ್, ಪ್ರತಿ ಪಲ್ಸಿನ ಅಗಲ 100 ಫೆಮ್ಟೊಸೆಕೆಂಡ್ (1 ಫೆಮ್ಟೊಸೆಕೆಂಡ್ ಎಂದರೆ 1000 ಅಟೊಸೆಕೆಂಡ್), ಸರಾಸರಿ ಶಕ್ತಿ 100 ಮಿಲಿವ್ಯಾಟ್. ಇಷ್ಟು ಕಿರಿದಾದ ಪಲ್ಸಿಗೆ ರೋಹಿತ, ಅಂದರೆ ಅದರೊಳಗಿನ ಬಣ್ಣಗಳ ಹರವು, ಅಗಲವಾಗಿರಲೇಬೇಕು: ಅರ್ಧ ಎತ್ತರದಲ್ಲಿ 36 ನ್ಯಾನೊಮೀಟರ್, ಪ್ರಮಾಣ ವಿಚಲನೆಯ ಲೆಕ್ಕದಲ್ಲಿ 15.2 ನ್ಯಾನೊಮೀಟರ್. ನಡು ಆವೃತ್ತಿಯನ್ನು ಈ ವಿಚಲನೆಯಿಂದ ಭಾಗಿಸಿದರೆ 102.6 ಬರುತ್ತದೆ. ಮುಂದಿನ ಎಲ್ಲ ಲೆಕ್ಕವೂ ಈ ಒಂದು ಸಂಖ್ಯೆಯ ಸುತ್ತ ತಿರುಗುತ್ತದೆ.

ಪಲ್ಸ್ ತಡವಾದಾಗ ಅದರಲ್ಲಿ ಎರಡು ಬದಲಾವಣೆ ಆಗುತ್ತವೆ. ಒಳಗಿನ ಅಲೆಯ ಫೇಸ್, ಅಂದರೆ ಅದರ ಏರಿಳಿತದ ಹಂತ, ಜರುಗುತ್ತದೆ; ಪಲ್ಸಿನ ಹೊದಿಕೆಯೂ, ಅಂದರೆ ಅಲೆಗಳನ್ನು ಸುತ್ತುವರಿದ ಹೊರ ಆಕಾರವೂ, ಇಡಿಯಾಗಿ ಜರುಗುತ್ತದೆ. ಫೇಸ್ ಅಳತೆ ಹೊದಿಕೆಯ ಅಳತೆಗಿಂತ 102.6 ಪಟ್ಟು ಸೂಕ್ಷ್ಮ. ಆದರೆ ಫೇಸ್ ಪ್ರತಿ 1.56 ಮೈಕ್ರೋಮೀಟರಿಗೆ ಸುತ್ತು ಹೊಡೆದು ಮೊದಲಿನ ಜಾಗಕ್ಕೇ ಬರುವುದರಿಂದ ಎಷ್ಟು ಸುತ್ತು ಕಳೆದಿದೆ ಎಂದು ಅದನ್ನು ಕೇಳಿ ತಿಳಿಯುವಂತಿಲ್ಲ. ಹೊದಿಕೆಗೆ ಆ ಗೊಂದಲವಿಲ್ಲ. ಗಾಳಿಯಲ್ಲಿ ಫೇಸಿನ ವೇಗಕ್ಕೂ ಹೊದಿಕೆಯ ವೇಗಕ್ಕೂ ಹತ್ತು ಲಕ್ಷದಲ್ಲಿ ಒಂದರಷ್ಟು ವ್ಯತ್ಯಾಸ ಇರುವುದರಿಂದ, ಎರಡನ್ನೂ ಬೇರೆ ಬೇರೆ ಅಳೆದರೆ ಜರುಗಿದ್ದು ಕನ್ನಡಿಯೋ ಬದಲಾದದ್ದು ಗಾಳಿಯೋ ಎಂದು ವಿಂಗಡಿಸಬಹುದು. ಬೆಳಗಾವಿ ಸಮುದ್ರಮಟ್ಟದಿಂದ ಸುಮಾರು 750 ಮೀಟರ್ ಎತ್ತರದಲ್ಲಿದೆ. ಇಲ್ಲಿಯ ಗಾಳಿಯ ಒತ್ತಡದಲ್ಲಿ ಉಷ್ಣತೆ 1 ಡಿಗ್ರಿ ಏರಿದರೆ 1 ಮೀಟರ್ ದಾರಿಗೆ 2.7 ಫೆಮ್ಟೊಸೆಕೆಂಡ್ ವ್ಯತ್ಯಾಸ ಬೀಳುತ್ತದೆ. ಅಟೊಸೆಕೆಂಡ್ ಅಳೆಯಹೊರಟವರಿಗೆ ಇದು ಸಾವಿರಗಟ್ಟಲೆ ಪಟ್ಟು ದೊಡ್ಡದು. ಎರಡು ಅಳತೆಗಳು ಒಂದಕ್ಕೊಂದು ಬೆರೆಯಬಾರದು ಎಂಬ ಹಟಕ್ಕೆ ಇದೇ ಕಾರಣ.

ಹೊದಿಕೆಯ ಅಳತೆಗೆ ಕ್ವಾಂಟಂ ಮಿತಿ ಎಷ್ಟು ಎಂಬುದನ್ನು, ಅದನ್ನು ಮುಟ್ಟಲು ಯಾವ ಆಕಾರದ ಬೆಳಕು ಬೇಕು ಎಂಬುದನ್ನು 2008ರಲ್ಲಿ ಲಮೀನ್, ಫಾಬ್ರ್ ಮತ್ತು ಟ್ರೆಪ್ಸ್ ಎಂಬ ಫ್ರೆಂಚ್ ಭೌತವಿಜ್ಞಾನಿಗಳು ತೋರಿಸಿದರು. ಮಿತಿಯ ಲೆಕ್ಕ ಸರಳ: ಫೋಟಾನುಗಳ, ಅಂದರೆ ಬೆಳಕಿನ ಕಣಗಳ, ಸಂಖ್ಯೆಯ ವರ್ಗಮೂಲವನ್ನು ಕೋನೀಯ ಆವೃತ್ತಿಯ ವಿಚಲನೆಯಿಂದ ಗುಣಿಸಿ, ಇಮ್ಮಡಿ ಮಾಡಿ, ಅದರಿಂದ 1ನ್ನು ಭಾಗಿಸಬೇಕು. 1 ಮೈಕ್ರೋವ್ಯಾಟ್ ಸಿಗ್ನಲ್ಲನ್ನು 1 ಮಿಲಿಸೆಕೆಂಡ್ ನೋಡಿದರೆ 785 ಕೋಟಿ ಫೋಟಾನು ಸಿಗುತ್ತವೆ, ಮಿತಿ 0.48 ಅಟೊಸೆಕೆಂಡ್. ಇದನ್ನು ಮುಟ್ಟಲು ಹೋಮೊಡೈನ್ ಪತ್ತೆಯಲ್ಲಿ ಸಿಗ್ನಲ್ ಜೊತೆ ಬೆರೆಸುವ ಬಲವಾದ ಕಿರಣಕ್ಕೆ, ಅಂದರೆ ಲೋಕಲ್ ಆಸಿಲೇಟರಿಗೆ, ಸಿಗ್ನಲ್ ಪಲ್ಸಿನ ಕಾಲನಿಷ್ಪನ್ನದ, ಅಂದರೆ ಅದು ಕ್ಷಣಕ್ಷಣಕ್ಕೆ ಬದಲಾಗುವ ದರದ, ಆಕಾರ ಕೊಡಬೇಕು. ರೋಹಿತದಲ್ಲಿ ನೋಡಿದರೆ ಅದು ಎರಡು ಉಬ್ಬು, ನಡುವೆ ಒಂದು ಸೊನ್ನೆ. ಎಡದ ಉಬ್ಬು ಋಣ, ಬಲದ್ದು ಧನ. ಆ ಸೊನ್ನೆ ಬೀಳುವ ಗೆರೆಯನ್ನೇ ಇಲ್ಲಿ ಸೊನ್ನೆಗೆರೆ ಎಂದು ಕರೆಯಲಾಗಿದೆ.

ಆಕಾರ ಕೊಡುವ ಬಗೆ

ಪಲ್ಸ್ 100 ಫೆಮ್ಟೊಸೆಕೆಂಡಿನಲ್ಲಿ ಬಂದು ಹೋಗುತ್ತದೆ. ಅದನ್ನು ಕಾಲದಲ್ಲಿ ಕತ್ತರಿಸುವ ಕತ್ತರಿ ಯಾವುದೂ ಇಲ್ಲ. ಹಾಗಾಗಿ ಬಣ್ಣಗಳನ್ನು ಹರಡಿ, ಹರಡಿದಲ್ಲಿ ಕೆಲಸ ಮಾಡಿ, ಮತ್ತೆ ಕೂಡಿಸಬೇಕು. ಬಣ್ಣ ಹರಡಲು ಮಿಲಿಮೀಟರಿಗೆ 600 ಗೆರೆಯ ಚಿನ್ನಲೇಪಿತ ಗ್ರೇಟಿಂಗ್, 150 ಮಿಲಿಮೀಟರ್ ನಾಭಿದೂರದ ಸಿಲಿಂಡರ್ ಕನ್ನಡಿ, ನಾಭಿತಲದಲ್ಲಿ ಪ್ರತಿಫಲಿಸುವ ಲಿಕ್ವಿಡ್ ಕ್ರಿಸ್ಟಲ್ ಫಲಕ. ಆ ಫಲಕವನ್ನು ಎಲ್ಲರೂ ಎಸ್‌ಎಲ್‌ಎಂ (ಸ್ಪೇಷಿಯಲ್ ಲೈಟ್ ಮಾಡ್ಯುಲೇಟರ್) ಎನ್ನುತ್ತಾರೆ. ಅಡ್ಡಕ್ಕೆ 1920 ಪಿಕ್ಸೆಲ್, ಪಿಕ್ಸೆಲ್ ಅಗಲ 8 ಮೈಕ್ರೋಮೀಟರ್. ಈ ಜೋಡಣೆಯಲ್ಲಿ 1 ನ್ಯಾನೊಮೀಟರ್ ಬಣ್ಣ 102 ಮೈಕ್ರೋಮೀಟರ್ ಹರಡುತ್ತದೆ, ಪಿಕ್ಸೆಲ್ ಒಂದಕ್ಕೆ 0.0785 ನ್ಯಾನೊಮೀಟರ್. ಇಡೀ ಫಲಕ 150 ನ್ಯಾನೊಮೀಟರ್ ಹಿಡಿಯುವುದರಿಂದ ರೋಹಿತದ ಬಾಲಗಳಿಗೂ ಜಾಗ ಸಾಕು.

ಎಸ್‌ಎಲ್‌ಎಂ ಫೇಸನ್ನು ಮಾತ್ರ ಬದಲಿಸಬಲ್ಲದು, ಅದೂ ಒಂದೇ ಧ್ರುವೀಕರಣಕ್ಕೆ. ಅದರ ಮುಂದೆ ಅರ್ಧ ತರಂಗ ಫಲಕ ಇಟ್ಟು ಧ್ರುವೀಕರಣವನ್ನು ಸರಿಯಾಗಿ ತಿರುಗಿಸದಿದ್ದರೆ ಬದಲಾಗದ ಬೆಳಕು ಹಾಗೇ ಹಿಂದಿರುಗಿ ಬೆರೆಯುತ್ತದೆ. ತೀವ್ರತೆ ತಗ್ಗಿಸಲು ಪ್ರತಿ ಬಣ್ಣದ ಕಂಬದಲ್ಲೂ ಮೇಲಿಂದ ಕೆಳಕ್ಕೆ 12 ಪಿಕ್ಸೆಲ್ ಅವಧಿಯ ಗರಗಸದ ಹಲ್ಲಿನ ಫೇಸ್ ಬರೆಯಲಾಗುತ್ತದೆ. ಹಲ್ಲು ಆಳವಾದಷ್ಟೂ ಹೆಚ್ಚು ಬೆಳಕು ಮೊದಲ ವಿವರ್ತನ ಕ್ರಮಾಂಕಕ್ಕೆ ಹೋಗುತ್ತದೆ. ಅದು 150 ಮಿಲಿಮೀಟರ್ ದೂರದಲ್ಲಿ 2.4 ಮಿಲಿಮೀಟರ್ ಪಕ್ಕಕ್ಕೆ ಬೀಳುವುದರಿಂದ ಐರಿಸ್ (ನಡುವೆ ತೂತಿರುವ ತಡೆ) ಇಟ್ಟು ಆರಿಸಿಕೊಳ್ಳಬಹುದು. ಋಣ ಉಬ್ಬಿಗೆ ಹಲ್ಲುಗಳನ್ನು ಅರ್ಧ ಅವಧಿ, ಅಂದರೆ 6 ಪಿಕ್ಸೆಲ್, ಜರುಗಿಸಿದರೆ ಸಾಕು.

ಇಲ್ಲಿ ಎಡವಲು ಎರಡು ಕಲ್ಲುಗಳಿವೆ. ಹಲ್ಲಿನ ಆಳಕ್ಕೂ ಹೊರಬರುವ ತೀವ್ರತೆಗೂ ನೇರ ಅನುಪಾತ ಇಲ್ಲ, ಸಿಂಕ್ ಫಲನವನ್ನು ತಿರುಗಿಸಿ ಕೋಷ್ಟಕ ಮಾಡಿಕೊಳ್ಳಬೇಕು. ಎರಡನೆಯದು ಕಣ್ಣಿಗೆ ಬೀಳದ್ದು. ಹಲ್ಲನ್ನು ಸೊನ್ನೆಯಿಂದ ಮೇಲಕ್ಕೆ ಬರೆದರೆ ಆಳ ಬದಲಾದಂತೆ ಸರಾಸರಿ ಫೇಸೂ ಬದಲಾಗುತ್ತದೆ, ತೀವ್ರತೆ ತಿದ್ದಲು ಹೋದವರು ರೋಹಿತದ ಫೇಸನ್ನು ಕೆಡಿಸಿ ಬರುತ್ತಾರೆ. ಹಲ್ಲನ್ನು ಸರಾಸರಿಯ ಮೇಲೂ ಕೆಳಗೂ ಸಮನಾಗಿ ಬರೆದರೆ ಈ ತೊಂದರೆ ಹೋಗುತ್ತದೆ.

ಬೆಳಕಿನ ನಷ್ಟ ದೊಡ್ಡದೇ. ನಡುವಿನಿಂದ ಮೂರು ವಿಚಲನೆಯಷ್ಟು ದೂರದಲ್ಲಿ ಮುಖವಾಡ, ಅಂದರೆ ಫಲಕದ ಮೇಲೆ ಬರೆಯುವ ಈ ವಿನ್ಯಾಸ, ಪೂರ್ತಿ ತೆರೆದಿರುವಂತೆ ಬರೆದರೆ ಉಳಿಯುವುದು ಒಂಬತ್ತರಲ್ಲಿ ಒಂದು ಪಾಲು. ಗ್ರೇಟಿಂಗ್ ಮತ್ತು ಫಲಕದ ನಷ್ಟ ಕಳೆದರೆ 100 ಮಿಲಿವ್ಯಾಟಿನಲ್ಲಿ ಸುಮಾರು 5 ಮಿಲಿವ್ಯಾಟ್ ಕೈಗೆ ಸಿಗುತ್ತದೆ. ಹೋಮೊಡೈನಿಗೆ 4 ಸಾಕು.

ಪತ್ತೆಯ ಕಡೆ

ಸಮಪಾಲು ಮಾಡುವ ಬೀಮ್ ಸ್ಪ್ಲಿಟರ್, ಎರಡು ಇಂಡಿಯಂ ಗ್ಯಾಲಿಯಂ ಆರ್ಸೆನೈಡ್ ಫೋಟೊಡಯೋಡ್, ಪ್ರತಿಯೊಂದಕ್ಕೂ 2 ಮಿಲಿವ್ಯಾಟ್. ಪರೀಕ್ಷೆಯ ಕನ್ನಡಿಯನ್ನು ವೋಲ್ಟೇಜ್ ಕೊಟ್ಟರೆ ಅಲುಗುವ ಪೀಜೋ ಬಿಲ್ಲೆಗೆ ಅಂಟಿಸಿ 500 ಕಿಲೋಹರ್ಟ್ಸಿನಲ್ಲಿ ನಡುಗಿಸಲಾಗುತ್ತದೆ. ಫೌಂಡ್ರಿಗಳಿಂದ ನೆಲದ ಮೂಲಕ ಬರುವ ಅದುರು ಆ ಎತ್ತರಕ್ಕೆ ಮುಟ್ಟುವುದಿಲ್ಲ. ಒಟ್ಟು 4.5 ಮಿಲಿಆಂಪಿಯರ್ ಪ್ರವಾಹದ ಶಾಟ್ ನಾಯ್ಸ್ (ಫೋಟಾನುಗಳು ಬಿಡಿಬಿಡಿಯಾಗಿ ಬರುವುದರಿಂದ ಆಗುವ ಏರುಪೇರು), ಒಂದು ಹರ್ಟ್ಸ್ ಅಗಲಕ್ಕೆ, 38 ಪಿಕೊಆಂಪಿಯರ್. 10 ಕಿಲೋಓಮ್ ರೋಧದ ಉಷ್ಣ ನಾಯ್ಸ್ 1.3 ಪಿಕೊಆಂಪಿಯರ್ ಮಾತ್ರ. ಆಂಪ್ಲಿಫೈಯರಿನದೂ ಸೇರಿಸಿದರೆ ಶಾಟ್ ನಾಯ್ಸ್ 15 ಡೆಸಿಬೆಲ್ ಮೇಲೆ ನಿಲ್ಲುತ್ತದೆ. ಪಲ್ಸ್ ಬಡಿಯುವ 100 ಮೆಗಾಹರ್ಟ್ಸ್ ಮಿಡಿತವನ್ನು ಆಂಪ್ಲಿಫೈಯರಿಗೆ ಮುಂಚೆಯೇ ಕಾಯಿಲ್ ಮತ್ತು ಕೆಪಾಸಿಟರಿನ ಫಿಲ್ಟರಿನಲ್ಲಿ ತಡೆಯದಿದ್ದರೆ ಆಂಪ್ಲಿಫೈಯರ್ ಉಸಿರುಗಟ್ಟಿ ತಪ್ಪು ಲೆಕ್ಕ ಕೊಡುತ್ತದೆ.

ಲೇಸರಿನ ತೀವ್ರತೆಯ ನಾಯ್ಸ್ 500 ಕಿಲೋಹರ್ಟ್ಸಿನಲ್ಲಿ ಮೈನಸ್ 130 ಡೆಸಿಬೆಲ್. ಶಾಟ್ ನಾಯ್ಸ್ ಅದೇ ಅಳತೆಗೋಲಿನಲ್ಲಿ ಮೈನಸ್ 161.5. ಎರಡು ಡಯೋಡುಗಳ ಪ್ರವಾಹದಲ್ಲಿ, ಒಟ್ಟು ಪ್ರವಾಹದ ನೂರಕ್ಕೆ ಒಂದರಷ್ಟು ವ್ಯತ್ಯಾಸ ಇದ್ದರೆ ಈ ನಾಯ್ಸ್ 40 ಡೆಸಿಬೆಲ್ ಮಾತ್ರ ಕಳೆಯುತ್ತದೆ, ಉಳಿದದ್ದು ತಳವನ್ನು ಅರ್ಧ ಡೆಸಿಬೆಲ್ಲಿಗಿಂತ ಹೆಚ್ಚು ಎತ್ತುತ್ತದೆ. ವ್ಯತ್ಯಾಸವನ್ನು ನೂರಕ್ಕೆ 0.3ಕ್ಕೆ ಇಳಿಸಿದರೆ 50 ಡೆಸಿಬೆಲ್ ಕಳೆದು ಚಿಂತೆ ಹೋಗುತ್ತದೆ.

ಎರಡು ಕಿರಣಗಳ ಫೇಸ್ ಅಂತರವನ್ನು ಕದಲದಂತೆ ಹಿಡಿದಿಡುವುದಕ್ಕೆ, ಅಂದರೆ ಲಾಕ್ ಮಾಡುವುದಕ್ಕೆ, ಒಂದು ವಿಚಿತ್ರ ಅಡ್ಡಿ ಇದೆ. ಎರಡು ಉಬ್ಬಿನ ಕಿರಣವೂ ಒಂದು ಉಬ್ಬಿನ ಸಿಗ್ನಲ್ಲೂ ಪರಸ್ಪರ ಲಂಬ. ಎಡದ ಕೊಡುಗೆಯನ್ನು ಬಲದ್ದು ಪೂರ್ತಿ ಕಳೆದುಬಿಡುತ್ತದೆ. ಆಕಾರ ಸರಿಯಾಗಿದ್ದಷ್ಟೂ ಫ್ರಿಂಜ್ (ಎರಡು ಕಿರಣ ಬೆರೆತಾಗ ಬೆಳಕಿನಲ್ಲಿ ಕಾಣುವ ಏರಿಳಿತ) ಕಾಣುವುದಿಲ್ಲ, ಫ್ರಿಂಜ್ ಇಲ್ಲದೆ ಫೇಸ್ ಲಾಕ್ ಆಗುವುದಿಲ್ಲ. ಸ್ಪ್ಲಿಟರಿನ ನಂತರ ಗಾಜಿನ ತುಣುಕಿನಿಂದ ಸ್ವಲ್ಪ ಬೆಳಕು ತೆಗೆದು, ಗ್ರೇಟಿಂಗಿನಲ್ಲಿ ಹರಡಿ, ರೋಹಿತದ ಅರ್ಧವನ್ನು ಬ್ಲೇಡಿನಿಂದ ಮುಚ್ಚಿದರೆ ದಾರಿ ತೆರೆಯುತ್ತದೆ. ಉಳಿದ ಅರ್ಧದಲ್ಲಿ ಕಳೆಯುವವರು ಯಾರೂ ಇಲ್ಲ, ಲೆಕ್ಕದ ಪ್ರಕಾರ 80 ಪ್ರತಿಶತ ಫ್ರಿಂಜ್ ಸಿಗುತ್ತದೆ. ಆ ಫ್ರಿಂಜಿನ ನಡುಮಟ್ಟಕ್ಕೆ ಲಾಕ್ ಮಾಡಿದರೆ ಬೇಕಾದ ಕ್ವಾಡ್ರೇಚರ್, ಅಂದರೆ ಎರಡು ಕಿರಣಗಳ ನಡುವಿನ ಫೇಸ್ ಅಂತರ, ತಾನಾಗಿ ಸಿಗುತ್ತದೆ.

ತಪ್ಪು ಎಲ್ಲಿತ್ತು

ತಪಾಸಣೆಯ ಕ್ರಮ ಇದು. ಮೊದಲು ಲೋಕಲ್ ಆಸಿಲೇಟರಿಗೆ ಸಿಗ್ನಲ್ಲಿನದೇ ಒಂದು ಉಬ್ಬಿನ ಆಕಾರ ಕೊಟ್ಟು ಪೀಜೋ ಸಿಗ್ನಲ್ ನೋಡುವುದು. ಇದು ಫೇಸ್ ಅಳತೆ, ಕನ್ನಡಿ ಎಷ್ಟು ನಡುಗುತ್ತಿದೆ ಎಂದು ಖಚಿತವಾಗಿ ಹೇಳುತ್ತದೆ. ನಂತರ ಪೀಜೋ ವೋಲ್ಟೇಜ್ ಮುಟ್ಟದೆ ಎರಡು ಉಬ್ಬಿನ ಮುಖವಾಡ ಹಾಕುವುದು. ಸಿಗ್ನಲ್ 102.6 ಪಟ್ಟು, ಅಂದರೆ 40.2 ಡೆಸಿಬೆಲ್, ಇಳಿಯಬೇಕು. ಇಳಿದದ್ದು 25.

ಮೊದಲ ಅನುಮಾನ ಆಂಪ್ಲಿಫೈಯರ್ ಮೇಲೆ: ಫೇಸ್ ಅಳತೆಯಲ್ಲಿ ಸಿಗ್ನಲ್ ದೊಡ್ಡದಿದ್ದಾಗ ಅದು ತುಂಬಿಹೋಗಿ ಕಡಿಮೆ ತೋರಿಸಿರಬಹುದೇ? ಪೀಜೋ ವೋಲ್ಟೇಜನ್ನು ಹತ್ತರಲ್ಲೊಂದಕ್ಕೆ ಇಳಿಸಿದರೂ ವ್ಯತ್ಯಾಸ 25ರಲ್ಲೇ ನಿಂತಿತು. ಆ ಅನುಮಾನ ಅಲ್ಲಿಗೆ ಮುಗಿಯಿತು. ಮುಖವಾಡದ ಉಬ್ಬುಗಳ ಆಕಾರವನ್ನು ತೇಯ್ದು ನಯಗೊಳಿಸಿದರೂ ಅಂಕಿ ಕದಲಲಿಲ್ಲ.

ಆಮೇಲೆ ಮುಖವಾಡವನ್ನು ಅಡ್ಡಕ್ಕೆ ಒಂದೊಂದೇ ಪಿಕ್ಸೆಲ್ ಜರುಗಿಸಿ ಓದು, ಅಂದರೆ ಉಪಕರಣ ತೋರಿಸುವ ಅಂಕಿ, ಬರೆದುಕೊಳ್ಳಲಾಯಿತು. ಉತ್ತರ ಅಲ್ಲಿ ನೇರ ಗೆರೆಯಾಗಿ ನಿಂತಿತ್ತು. ಒಂದು ಪಿಕ್ಸೆಲ್ ಜರುಗಿದರೆ ಓದು, ನಿಜವಾದ ಓದಿನ 53 ಪ್ರತಿಶತದಷ್ಟು ಬದಲಾಗುತ್ತದೆ.

ಕಾರಣ ಹೀಗೆ. ಸೊನ್ನೆಗೆರೆ ನಡುವಿನಿಂದ ಕೊಂಚ ತಪ್ಪಿದರೆ ಎರಡು ಉಬ್ಬಿನ ಆಕಾರದೊಳಗೆ ಒಂದು ಉಬ್ಬಿನ ಆಕಾರ ಅಷ್ಟೇ ಕೊಂಚ ಸೇರಿಕೊಳ್ಳುತ್ತದೆ. ರೋಹಿತದ ವಿಚಲನೆಯ ನೂರಕ್ಕೆ ಒಂದು ಪಾಲು ತಪ್ಪಿದರೆ ನೂರಕ್ಕೆ ಒಂದು ಪಾಲು ಸೇರುತ್ತದೆ. ಆದರೆ ಆ ಪಾಲು ಹಿಡಿಯುವುದು ಫೇಸನ್ನು, ಅದು 102.6 ಪಟ್ಟು ಸೂಕ್ಷ್ಮ. ಹಾಗಾಗಿ 0.15 ನ್ಯಾನೊಮೀಟರ್, ಎರಡು ಪಿಕ್ಸೆಲ್ ಸಹ ಆಗದ ತಪ್ಪು, ಹೊದಿಕೆಯ ಇಡೀ ಸಿಗ್ನಲ್ಲಿನಷ್ಟೇ ದೊಡ್ಡ ಸುಳ್ಳು ಸಿಗ್ನಲ್ ತರುತ್ತದೆ. ಒಂದು ಕಡೆ ತಪ್ಪಿದರೆ ಓದು ಇಮ್ಮಡಿ, ಇನ್ನೊಂದು ಕಡೆ ತಪ್ಪಿದರೆ ಸೊನ್ನೆ. 25 ಡೆಸಿಬೆಲ್ಲಿನ ಲೆಕ್ಕ ಹಿಂದಕ್ಕೆ ಹಾಕಿದರೆ ತಪ್ಪು 9 ಪಿಕ್ಸೆಲ್, 0.7 ನ್ಯಾನೊಮೀಟರ್.

ಆ 9 ಪಿಕ್ಸೆಲ್ ಬಂದದ್ದು ಸೊನ್ನೆಗೆರೆಯನ್ನು ರೋಹಿತದ ಅತಿ ಎತ್ತರದ ತುದಿಯ ಕೆಳಗೆ ಇಟ್ಟದ್ದರಿಂದ. ಫೈಬರ್ ಆಂಪ್ಲಿಫೈಯರ್ ದಾಟಿ ಬಂದ ರೋಹಿತ ಎರಡೂ ಬದಿ ಒಂದೇ ಸಮ ಇರುವುದಿಲ್ಲ; ಒಂದು ಬದಿಗೆ ಬಾಲ ಉದ್ದವಾಗಿರುತ್ತದೆ. ಗೆರೆ ಬೀಳಬೇಕಾದದ್ದು ತುದಿಯ ಕೆಳಗಲ್ಲ, ತೂಕದ ನಡುವಿನಲ್ಲಿ. ರೋಹಿತವನ್ನು ರಟ್ಟಿನಲ್ಲಿ ಕತ್ತರಿಸಿ ಬೆರಳ ಮೇಲಿಟ್ಟರೆ ಯಾವ ಜಾಗದಲ್ಲಿ ಅದು ವಾಲದೆ ನಿಲ್ಲುತ್ತದೆಯೋ ಅಲ್ಲಿ.

ಆ ನಡುವನ್ನು ಲೆಕ್ಕ ಹಾಕುವುದರಲ್ಲೂ ಒಂದು ಗುಂಡಿ ಇದೆ, ಓದಿದವರೇ ಅದಕ್ಕೆ ಬೀಳುತ್ತಾರೆ. ಸ್ಪೆಕ್ಟ್ರಂ ಅನಲೈಸರ್ ತರಂಗಾಂತರದಲ್ಲಿ ಶಕ್ತಿಯನ್ನು ಕೊಡುತ್ತದೆ. ಸಿದ್ಧಾಂತ ಆವೃತ್ತಿಯಲ್ಲಿದೆ ಎಂದು ಅದನ್ನು ಆವೃತ್ತಿಗೆ ತಿರುಗಿಸಿ ಸರಾಸರಿ ತೆಗೆದರೆ ನಡು 0.15 ನ್ಯಾನೊಮೀಟರ್ ಜರುಗುತ್ತದೆ; ಮತ್ತೆ ಅದೇ ಎರಡು ಪಿಕ್ಸೆಲ್, ಮತ್ತೆ ಇಮ್ಮಡಿ ಓದು. ಡಯೋಡ್ ಎಣಿಸುವುದು ಶಕ್ತಿಯನ್ನಲ್ಲ, ಫೋಟಾನುಗಳನ್ನು. ಶಕ್ತಿಯನ್ನು ಫೋಟಾನಿಗೆ ತಿರುಗಿಸುವ ತಿದ್ದುಪಡಿಯೂ ಆವೃತ್ತಿಗೆ ತಿರುಗಿಸುವ ತಿದ್ದುಪಡಿಯೂ ಒಂದನ್ನೊಂದು ಸರಿಯಾಗಿ ಹೊಡೆದುಹಾಕುತ್ತವೆ. ಹಾಗಾಗಿ ಅನಲೈಸರ್ ಕೊಟ್ಟ ಶಕ್ತಿಯ ಮೇಲೆ ತರಂಗಾಂತರದ ನೇರ ಸರಾಸರಿಯೇ ಸರಿಯಾದ ನಡು. ಒಂದೇ ತಿದ್ದುಪಡಿ ಮಾಡಿದವರು ಕೆಡುತ್ತಾರೆ. ಮುಖವಾಡದ ಇಳಿಜಾರು ಮಾತ್ರ ಆವೃತ್ತಿಯಲ್ಲೇ ನೇರವಾಗಿರಬೇಕು; ಪಿಕ್ಸೆಲ್ಲಿನಲ್ಲಿ ನೇರ ಗೆರೆ ಎಳೆದರೆ ಒಂದೆರಡು ಪಿಕ್ಸೆಲ್ಲಿನಷ್ಟು ತಪ್ಪು ಸದ್ದಿಲ್ಲದೆ ಒಳಬರುತ್ತದೆ.

ಕೊನೆಯ ತೀರ್ಪು ಲೆಕ್ಕದ್ದಲ್ಲ, ಫ್ರಿಂಜಿನದು. ಲಾಕ್ ಬಿಡಿಸಿ ಒಂದು ತೋಳನ್ನು, ಅಂದರೆ ಒಂದು ಕಿರಣದ ದಾರಿಯ ಉದ್ದವನ್ನು, ನಿಧಾನವಾಗಿ ಓಡಿಸಿದಾಗ ಹೋಮೊಡೈನಿನ ಡಿಸಿ ಫ್ರಿಂಜ್ ಎಷ್ಟಿದೆಯೋ ಅಷ್ಟು ಬೆರಕೆ ಇದೆ ಎಂದರ್ಥ. ನೂರಕ್ಕೆ ಒಂದು ಬೆರಕೆಗೆ 14 ಮಿಲಿವೋಲ್ಟ್. ಇದನ್ನು 0.7 ಮಿಲಿವೋಲ್ಟಿಗೆ ಇಳಿಸಿದರೆ ಸೊನ್ನೆಗೆರೆ ಹತ್ತನೇ ಒಂದು ಪಿಕ್ಸೆಲ್ಲಿನೊಳಗೆ ಕೂತಿದೆ. ಪಿಕ್ಸೆಲ್ಲಿಗಿಂತ ಸಣ್ಣ ಜರುಗಾಟ ಹೇಗೆ ಎಂದರೆ, ಮುಖವಾಡ ನಯವಾದ ಫಲನ. ಅದರ ಸೊನ್ನೆಯನ್ನು ಎರಡು ಪಿಕ್ಸೆಲ್ಲಿನ ನಡುವೆ ಎಲ್ಲಿ ಬೇಕಾದರೂ ಲೆಕ್ಕ ಹಾಕಿ ಬರೆಯಬಹುದು.

ಫ್ರಿಂಜ್ ಸೊನ್ನೆಯಾಗುವ ಜಾಗವನ್ನೂ ಪೀಜೋ ಓದು ಸೊನ್ನೆಯಾಗುವ ಜಾಗವನ್ನೂ ಒಂದೇ ಎಂದು ತಿಳಿಯಬಾರದು. ಎರಡರ ನಡುವೆ 1.9 ಪಿಕ್ಸೆಲ್ ಅಂತರ ಇದೆ, ಬೇಕಾದದ್ದು ಮೊದಲನೆಯದು. ಇನ್ನೊಂದು ಎಚ್ಚರಿಕೆ: ಎರಡು ತೋಳುಗಳ ಉದ್ದದಲ್ಲಿ 0.85 ಫೆಮ್ಟೊಸೆಕೆಂಡ್, ಅಂದರೆ ಕಾಲು ಮೈಕ್ರೋಮೀಟರ್, ವ್ಯತ್ಯಾಸ ಉಳಿದಿದ್ದರೆ ಅದೂ ನೂರಕ್ಕೆ ಒಂದರಷ್ಟು ಫ್ರಿಂಜ್ ಕೊಡುತ್ತದೆ, ಬೇರೆ ಕ್ವಾಡ್ರೇಚರಿನಲ್ಲಿ. ಆಗ ಸೊನ್ನೆಗೆರೆ ಎಷ್ಟು ಸರಿಪಡಿಸಿದರೂ ಫ್ರಿಂಜ್ ಪೂರ್ತಿ ಸಾಯುವುದಿಲ್ಲ. ಗೆರೆ ಜರುಗಿಸಿ ಕನಿಷ್ಠಕ್ಕೆ ತರುವುದು, ಎಸ್‌ಎಲ್‌ಎಂನಲ್ಲಿ ಇಳಿಜಾರು ಫೇಸ್ ಸೇರಿಸಿ ತಡ ಸರಿಪಡಿಸುವುದು, ಮತ್ತೆ ಗೆರೆ. ಮೂರು ಸುತ್ತಿನಲ್ಲಿ ತಳ ಮುಟ್ಟುತ್ತದೆ.

ಮಧ್ಯಾಹ್ನದ ಜರುಗಾಟ

ಬೆಳಿಗ್ಗೆ ಸರಿ ಮಾಡಿದ ಗೆರೆ ಮಧ್ಯಾಹ್ನಕ್ಕೆ ಎರಡು ಪಿಕ್ಸೆಲ್ ತಪ್ಪಿರುತ್ತಿತ್ತು. ಕರೆಂಟು ಹೋದಾಗ ಲೇಸರನ್ನೂ ಎಸ್‌ಎಲ್‌ಎಂ ಅನ್ನೂ ಯುಪಿಎಸ್ ಕಾಯುತ್ತಿತ್ತು, ಎಸಿ ಅದರ ಮೇಲೆ ಇರಲಿಲ್ಲ. ಕೋಣೆ ಬಿಸಿಯಾಗುತ್ತಿತ್ತು. ಎರಡು ಪಿಕ್ಸೆಲ್ ಎಂದರೆ ಫಲಕದ ಮೇಲೆ 16 ಮೈಕ್ರೋಮೀಟರ್. ಗ್ರೇಟಿಂಗ್ 53 ಮೈಕ್ರೋರೇಡಿಯನ್ ಓರೆಯಾದರೆ ಸಾಕು. ಅಲ್ಯೂಮಿನಿಯಂ ತಳಹಲಗೆಯ ಮೇಲೆ ಎತ್ತರದ ಕಂಬಕ್ಕೆ ಕೂಡಿಸಿದ ಗ್ರೇಟಿಂಗಿಗೆ ಅದು ಏನೂ ಅಲ್ಲ.

ಪರಿಹಾರ ಊರಿನಲ್ಲೇ ಇತ್ತು. 600 ಗುಣಿಸು 450 ಮಿಲಿಮೀಟರ್ ಅಳತೆಯ, 40 ಮಿಲಿಮೀಟರ್ ದಪ್ಪದ, ಸುಮಾರು 78 ಕೆಜಿ ತೂಕದ ಬೂದು ಬೀಡು ಕಬ್ಬಿಣದ ಹಲಗೆಯನ್ನು ಸ್ಥಳೀಯ ಫೌಂಡ್ರಿಯಲ್ಲೇ ಎರಕ ಹೊಯ್ಯಿಸಲಾಯಿತು. ಬೀಡು ಬಿಸಿಗೆ ಹಿಗ್ಗುವುದು ಅಲ್ಯೂಮಿನಿಯಂ ಹಿಗ್ಗುವುದರ ಅರ್ಧದಷ್ಟು ಮಾತ್ರ. ಒಳಗಿನ ಗ್ರಾಫೈಟ್ ಪದರಗಳು ಅದುರನ್ನೂ ನುಂಗುತ್ತವೆ. ಅವಸರ ಮಾಡಿದವರಿಗೆ ಅಲ್ಲಿಯ ಮಿಸ್ತ್ರಿ ಹೇಳಿದ್ದು: "ಈಗಷ್ಟ ಹೊಯ್ದ ಎರಕ ಒಳಗಿನ ಬಿಗುವು ಬಿಟ್ಟಿರೂದಿಲ್ರೀ ಸರ, ಹಂಗ ಮಷಿನಿಂಗ್ ಮಾಡಿಸಿದ್ರ ಆಮ್ಯಾಲ ಸೊಟ್ಟ ಆಗತೈತಿ." ಮಾತು ನೂರಕ್ಕೆ ನೂರು ಸರಿ. ಮೊದಲು ಒರಟಾಗಿ ಕೆತ್ತಿ, 550 ಡಿಗ್ರಿಯ ಸುತ್ತ ಕಾಯಿಸಿ, ಒಲೆಯೊಳಗೇ ನಿಧಾನವಾಗಿ ಆರಿಸಿ, ಆಮೇಲೆ ಕೊನೆಯ ಗ್ರೈಂಡಿಂಗ್ ಮಾಡಿಸಲಾಯಿತು. ಗ್ರೇಟಿಂಗಿನ ಕಂಬ ತೆಗೆದು ಹಲಗೆಯಿಂದ 50 ಮಿಲಿಮೀಟರ್ ಎತ್ತರದ ಗಟ್ಟಿ ದಿಮ್ಮಿಗೆ ಕೂಡಿಸಲಾಯಿತು. ಜರುಗಾಟ ದಿನಕ್ಕೆ ಪಿಕ್ಸೆಲ್ಲಿನ ಕಾಲು ಭಾಗಕ್ಕೆ ಇಳಿಯಿತು. ಉಳಿದದ್ದನ್ನು ಗಂಟೆಗೊಮ್ಮೆ ಫ್ರಿಂಜ್ ನೋಡಿ ಮುಖವಾಡ ತಿದ್ದುವ ಪ್ರೋಗ್ರಾಂ ನೋಡಿಕೊಳ್ಳುತ್ತದೆ. ಲೇಸರಿನ ಪಂಪ್ ಪ್ರವಾಹ ಬದಲಿಸಿದರೂ ತೂಕದ ನಡು ಜರುಗುತ್ತದೆ, ಆಗ ಗಂಟೆ ಕಾಯದೆ ತಿದ್ದಬೇಕು.

ಮಳೆಗಾಲದ ಮಾತು ಒಂದಿದೆ. ಜುಲೈಯಲ್ಲಿ ಬೆಳಗಾವಿಯ ಗಾಳಿ ನೀರು ಕುಡಿದು ನಿಂತಿರುತ್ತದೆ. ಎಸಿಯಲ್ಲಿ ತಣ್ಣಗಾದ ಗ್ರೇಟಿಂಗಿನ ಮೇಲೆ, ಬಾಗಿಲು ತೆರೆದ ಕೂಡಲೇ ಮಂಜು ಕೂರಬಹುದು. ಅದನ್ನು ಬಟ್ಟೆಯಿಂದಾಗಲಿ ಟಿಶ್ಯೂನಿಂದಾಗಲಿ ಒರೆಸಬಾರದು, ಚಿನ್ನದ ಗೆರೆಗಳು ಎದ್ದು ಬರುತ್ತವೆ. ಪೆಟ್ಟಿಗೆ ಮುಚ್ಚಿ, ಒಳಗೆ ಸಿಲಿಕಾ ಜೆಲ್ ಇಟ್ಟು, ತಾನಾಗಿ ಆರಲು ಬಿಡಬೇಕು. ಕೋಣೆಯನ್ನು 22ಕ್ಕಿಂತ 25 ಡಿಗ್ರಿಯಲ್ಲಿ ಇಟ್ಟರೆ ಈ ತಾಪತ್ರಯ ಎಷ್ಟೋ ಕಡಿಮೆ.

ಈಗಿನ ಸ್ಥಿತಿ

ಮುಖವಾಡ ಬದಲಿಸಿದಾಗ ಸಿಗ್ನಲ್ ಈಗ 40 ಡೆಸಿಬೆಲ್ ಇಳಿಯುತ್ತದೆ. 1 ಮೈಕ್ರೋವ್ಯಾಟ್, 1 ಮಿಲಿಸೆಕೆಂಡಿಗೆ ಸಿಗುತ್ತಿರುವ ನಿಖರತೆ 0.64 ಅಟೊಸೆಕೆಂಡ್. ಮಿತಿ 0.48. ಡಯೋಡಿನ ದಕ್ಷತೆ 0.90, ಕನ್ನಡಿ ಮಸೂರಗಳ ನಷ್ಟ ಕಳೆದು 0.95, ಒಂದು ಉಬ್ಬಿನ ಆಕಾರದಲ್ಲಿ ಅಳೆದ ಫ್ರಿಂಜ್ ಸ್ಪಷ್ಟತೆ 0.90, ಇವುಗಳಿಂದ ಲೆಕ್ಕ ಹಾಕಿದರೆ 0.58 ಬರಬೇಕಿತ್ತು. ಆಂಪ್ಲಿಫೈಯರ್ ಮತ್ತು ಲೇಸರ್ ನಾಯ್ಸಿನ ಪಾಲು ಸೇರಿಸಿದರೂ 0.59.

ಉಳಿದ ವ್ಯತ್ಯಾಸದ ಜಾಡು ಅರ್ಧ ರೋಹಿತದ ಲಾಕ್ ಫ್ರಿಂಜಿನಲ್ಲಿ ಸಿಕ್ಕಿತು. ಅಲ್ಲಿ 80 ಇರಬೇಕಾದ ಕಡೆ 66 ಪ್ರತಿಶತ ಇತ್ತು, ಅಂದರೆ ಎರಡು ಉಬ್ಬಿನ ಆಕಾರಕ್ಕೆ ನಿಜವಾದ ಸ್ಪಷ್ಟತೆ 0.90 ಅಲ್ಲ, 0.83. ಈ ಆಕಾರ ಬೆಳಕನ್ನೆಲ್ಲ ರೋಹಿತದ ಅಂಚುಗಳಿಗೆ ಒತ್ತುತ್ತದೆ. ಗ್ರೇಟಿಂಗಿನಿಂದ ಮತ್ತೆ ಕೂಡುವಾಗ ಅಂಚಿನ ಬಣ್ಣಗಳೇ ನಡುವಿನ ಬಣ್ಣಗಳ ಮೇಲೆ ಸರಿಯಾಗಿ ಬೀಳದೆ ಪಕ್ಕಕ್ಕೆ ಸರಿಯುತ್ತವೆ. 0.83 ಹಾಕಿ ಲೆಕ್ಕ ಮಾಡಿದರೆ 0.64 ಸರಿಯಾಗಿ ಕೂಡುತ್ತದೆ. ಮುಂದಿನ ಕೆಲಸ ಆಕಾರ ಕೊಟ್ಟ ಕಿರಣವನ್ನು ಒಂದು ಮೀಟರ್ ಸಿಂಗಲ್ ಮೋಡ್ ಫೈಬರಿನಲ್ಲಿ ಹಾಯಿಸುವುದು. ಎಲ್ಲ ಬಣ್ಣಗಳೂ ಒಂದೇ ಚುಕ್ಕೆಯಿಂದ ಹೊರಬರುತ್ತವೆ, ಸರಿದ ಬಣ್ಣಗಳು ಅಲ್ಲೇ ಸ್ವಲ್ಪ ಬೆಳಕು ಕಳೆದುಕೊಳ್ಳುತ್ತವೆ. ಆ ನಷ್ಟ ಎರಡು ಉಬ್ಬಿಗೂ ಸಮನಾಗಿರುವುದಿಲ್ಲವಾದ್ದರಿಂದ, ಫೈಬರ್ ಜೋಡಿಸಿದ ದಿನ ಸೊನ್ನೆಗೆರೆಯನ್ನು ಮೊದಲಿನಿಂದ ಹುಡುಕಬೇಕಾಗುತ್ತದೆ.